ಮುರುಕು ಪೈಸೆ ಗಿರಾಕಿಗೆ

ಜೂನ್ 3

ಪ್ರೀತಿಯ ಅತ್ತೆಗೆ,

ನೀವು ಹೊರಟು ನಾಲ್ಕೇ ದಿನ, ನನಗೆ ನಾಲ್ಕು ತಿಂಗಳಾದ ಹಾಗಿದೆ! ಫೋನಿನಲ್ಲಿ ನಾನು ಮಾತಾಡುವ ವೇಗಕ್ಕೆ ನಿಮ್ಮ ಕಿವಿ ಓಡುವುದಿಲ್ಲ, ಏನಿದ್ದರೂ ಕಾಗದ ಬರೆ ಅಂದಿದ್ದಿರಲ್ಲ, ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ ಅಕ್ಷರ ನೋಡಿ ನಗಬಾರದು. ನಿಮ್ಮ ಮಗರಾಯರು ಈಗಾಗಲೇ ಹೆಗಲ ಮೇಲಿಂದ ಇಣುಕಿ, "ಇರುವೆ ಮಸಿಯಲ್ಲಿ ಬಿದ್ದು ವಾಕಿಂಗ್ ಹೋದ ಹಾಗಿದೆ" ಅಂದಾಯಿತು. ಮದುವೆಯಾಗಿ ಐವತ್ತೆಂಟು ದಿನ ಅತ್ತೆ. ನಾನು ಎಣಿಸುತ್ತಿದ್ದೇನೆ, ಅವರೂ ಎಣಿಸುತ್ತಿದ್ದಾರೆ, ಆದರೆ ಎಣಿಸುತ್ತಿಲ್ಲ ಅಂತ ಸುಳ್ಳು ಹೇಳುತ್ತಾರೆ.

ನಿಮ್ಮ ತಂಗಿಯ ಮನೆ ಹೇಗಿದೆ? ಮಂಡಿ ನೋವಿಗೆ ಡಾಕ್ಟರು ಏನಂದರು? ಮೆಟ್ಟಿಲು ಹತ್ತಬೇಡಿ, ಪ್ಲೀಸ್.

ಅಂಗಡಿಯನ್ನು ನಾವು ಮಗುವಿನ ಹಾಗೆ ನೋಡಿಕೊಳ್ಳುತ್ತಿದ್ದೇವೆ. ಬೆಳಿಗ್ಗೆ ಶಟರ್ ಎತ್ತಿದರೆ ಗೋಡೆ ತುಂಬ ಆ ಮುನ್ನೂರಿಪ್ಪತ್ತು ಪುಟ್ಟ ಡ್ರಾಯರುಗಳು, ಒಂದೊಂದರ ಮುಖಕ್ಕೂ ಒಂದೊಂದು ಗುಂಡಿ. ಮುನ್ನೂರಿಪ್ಪತ್ತು ಕಣ್ಣು ಒಟ್ಟಿಗೆ ತೆರೆದು "ಬಂದ್ಯಾ?" ಅಂತ ಕೇಳಿದ ಹಾಗಾಗುತ್ತದೆ. ಇನ್ನು ನನ್ನ ಆನ್‌ಲೈನ್ ಅಂಗಡಿ! ನಿನ್ನೆ ಒಂದೇ ದಿನ ಏಳು ಆರ್ಡರ್! ಬೇರೆಯವರೆಲ್ಲ ಗುಂಡಿಯನ್ನು ಪ್ಯಾಕೆಟ್ ಲೆಕ್ಕದಲ್ಲಿ ಮಾರುತ್ತಾರೆ, ನಾವು ಒಂದೊಂದಾಗಿ. ಕಳೆದುಹೋದ ಒಂದೇ ಒಂದು ಗುಂಡಿಗೂ ನಮ್ಮಲ್ಲಿ ಜೋಡಿ ಸಿಗುತ್ತದೆ ಅಂತ ನೀವು ಹೇಳುತ್ತಿದ್ದಿರಲ್ಲ, ಅದನ್ನೇ ದೊಡ್ಡ ಅಕ್ಷರದಲ್ಲಿ ಮೇಲೆ ಹಾಕಿದ್ದೇನೆ. ಕೌಂಟರಿನಲ್ಲಿ ನೀವು ನನಗೆ ಹೇಳಿಕೊಟ್ಟ ಮೊದಲ ಪಾಠವನ್ನೂ ಕಂಪ್ಯೂಟರಿಗೆ ಕಲಿಸಿದ್ದೇನೆ: "ತೆರಿಗೆ ಹಾಕುವಾಗ ಮುರುಕು ಪೈಸೆ ಗಿರಾಕಿಗೆ ಬಿಡು." ಒಂದು ಪೈಸೆಗೂ ಕಡಿಮೆಯ ಚೂರನ್ನು ಗಿರಾಕಿಯಿಂದ ಕೇಳಬಾರದು, ಎಷ್ಟು ಮುದ್ದಾದ ನಿಯಮ! ಈ ಮನೆಗೆ ಬಂದದ್ದಕ್ಕೆ ನನಗೆ ಹೆಮ್ಮೆಯಾಗಿದ್ದು ಆ ಮಾತು ಕೇಳಿದ ದಿನ.

ನಿಮ್ಮ, ಖುಷಿಯಲ್ಲಿ ಮೂರು ಅಡಿ ಮೇಲೆ ತೇಲುತ್ತಿರುವ,
ಸೊಸೆ

ಜೂನ್ 10

ಸೊಸೆಗೆ,

ಕಾಗದ ಬಂತು. ಅಕ್ಷರ ಪರವಾಗಿಲ್ಲ. ಮೂರು ಅಡಿ ಮೇಲೆ ತೇಲುವವರು ಕಪಾಟಿನ ಮೇಲಿನ ಸಾಲಿನ ಧೂಳು ಒರೆಸಬಹುದು.

ಮಂಡಿ ಹಾಗೇ ಇದೆ. ತಂಗಿ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾಳೆ. ಅವಳ ಮನೆ ತುಂಬ ಬೆಳಕು.

ಹನ್ನೆರಡನೇ ಸಾಲಿನ ಡ್ರಾಯರುಗಳನ್ನು ಒಮ್ಮೆ ಬಿಸಿಲಿಗೆ ಹಿಡಿದು ನೋಡು. ಕಡುನೀಲಿ ಕಪ್ಪಿನಲ್ಲಿ ಸೇರಿರಬಹುದು. ಸೇರಿದೆ ಅಂತಲ್ಲ, ಸೇರಿರಬಹುದು ಅಂತ.

ಗಿರಾಕಿ ಒಂದು ಗುಂಡಿ ಕೇಳಿದರೂ ಸಾವಿರ ಕೇಳಿದವನಿಗೆ ಹೇಗೋ ಹಾಗೇ ಕಟ್ಟಿಕೊಡಬೇಕು. ನಿನ್ನ ಗಂಡನಿಗೆ ಸಮಯಕ್ಕೆ ಊಟ ಮಾಡಲು ಹೇಳು. ನೀನೂ ಮಾಡು.

ಅತ್ತೆ

ಜೂನ್ 20

ನನ್ನ ಪ್ರೀತಿಯ, ಮೂರೇ ಸಾಲಿನಲ್ಲಿ ಮೂರು ಕೆಲಸ ಹೇಳುವ ಅತ್ತೆಗೆ,

ಧೂಳು ಒರೆಸಿದೆ! ಸ್ಟೂಲಿನ ಮೇಲೆ ನಿಂತು. ಸ್ಟೂಲನ್ನು ಹಿಡಿದುಕೊಂಡಿದ್ದು ಯಾರು ಅಂತ ಕೇಳಬೇಡಿ, ಅವರು ಸ್ಟೂಲಿಗಿಂತ ಹೆಚ್ಚು ನನ್ನನ್ನೇ ಹಿಡಿದುಕೊಂಡಿದ್ದರು. ಅಯ್ಯೋ, ಇದನ್ನೆಲ್ಲ ಅತ್ತೆಗೆ ಬರೆಯಬಾರದೇನೋ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ ಬಿಡಿ.

ಆನ್‌ಲೈನ್ ಆರ್ಡರು ನೂರೈವತ್ತು ದಾಟಿತು! ನಾಟಕದವರೊಬ್ಬರು ರಾಜನ ಕೋಟಿಗೆ ಹಿತ್ತಾಳೆ ಗುಂಡಿ ಇಪ್ಪತ್ನಾಲ್ಕು ತರಿಸಿಕೊಂಡರು. ಒಬ್ಬ ಅಜ್ಜ ಹೆಂಡತಿಯ ಸ್ವೆಟರಿಗೆ ಒಂದೇ ಒಂದು ಗುಂಡಿ ಕೇಳಿ, ಅದಕ್ಕೆ ಅರ್ಧ ಪುಟ ಪತ್ರ ಬರೆದಿದ್ದರು. ನಾನು ಅತ್ತೇಬಿಟ್ಟೆ. ನಿಮ್ಮ ಮಗ, "ಗುಂಡಿ ಕಳಿಸು, ಕಣ್ಣೀರು ಹಾಕಿದ್ರೆ ತೂಕ ಜಾಸ್ತಿಯಾಗಿ ಅಂಚೆ ಖರ್ಚು ಬರುತ್ತೆ" ಅಂದರು.

ಎರಡು ಪಾರ್ಸೆಲ್ ಮಾತ್ರ ವಾಪಸ್ ಬಂದವು. ಕಪ್ಪು ಕೇಳಿದವರಿಗೆ ಕಡುನೀಲಿ ಹೋಗಿದೆ. ಕಟ್ಟಿದ್ದು ಮೇ ತಿಂಗಳ ಕೊನೆಯಲ್ಲಿ. ಆಗ ನನ್ನ ತಲೆ ಎಲ್ಲಿರುತ್ತಿತ್ತೋ ನಿಮಗೆ ಗೊತ್ತೇ ಇದೆ, ನಾನೇ ಕೈತಪ್ಪಿ ಹಾಕಿರಬೇಕು. ತುಂಬ ಸಾರಿ ಅತ್ತೆ. ಸರಿಯಾದ ಗುಂಡಿ ಕಳಿಸಿ ಒಂದು ಕ್ಷಮೆಯ ಚೀಟಿಯನ್ನೂ ಇಟ್ಟೆ.

ಯೂನಿಫಾರಂ ಹೊಲಿಯುವ ನಿಮ್ಮ ಹಳೆಯ ಗಿರಾಕಿ ಟೈಲರಮ್ಮ ಫೋನ್ ಮಾಡಿದ್ದರು. ಬಿಲ್ಲಿನ ಬಗ್ಗೆ ಏನೋ ತಮಾಷೆ ಮಾಡಿದರು, ನನಗೆ ಅರ್ಧ ಅರ್ಥವಾಗಲಿಲ್ಲ, ನಕ್ಕು ಇಟ್ಟುಬಿಟ್ಟೆ.

ಮಂಡಿಗೆ ಮುಲಾಮು ಕಳಿಸಿದ್ದೇನೆ. ದಿನಕ್ಕೆರಡು ಸಲ!

ನಿಮ್ಮ ಸೊಸೆ (ಎಪ್ಪತ್ತೈದನೇ ದಿನ)

ಜೂನ್ 28

ಸೊಸೆಗೆ,

ಮುಲಾಮು ಬಂತು. ವಾಸನೆಗೆ ತಂಗಿಯ ಮನೆಯ ಬೆಕ್ಕು ಮೂರು ದಿನ ನನ್ನ ಹತ್ತಿರ ಸುಳಿಯಲಿಲ್ಲ.

ವಾಪಸ್ ಬಂದ ಪಾರ್ಸೆಲ್ಲಿಗೆ ತಲೆ ಕೆಡಿಸಿಕೊಳ್ಳಬೇಡ. ಯಾರ ಕೈಯಿಂದಲೂ ಆಗುತ್ತದೆ.

ಟೈಲರಮ್ಮ ಏನಂದಳು ಅನ್ನುವುದನ್ನು ಪೂರ್ತಿ ಬರೆ. ಅರ್ಧ ಬರೆಯಬೇಡ. ಅವಳು ಬಣ್ಣದ ವಿಷಯ ಏನಾದರೂ ಎತ್ತಿದಳಾ? ನನ್ನ ವಿಷಯ ಕೇಳಿದಳಾ?

ಅತ್ತೆ

ಜುಲೈ 12

ಅತ್ತೆಗೆ,

ತಡವಾಯಿತು, ಕ್ಷಮಿಸಿ. ಅಂಗಡಿಯಲ್ಲಿ ಕೆಲಸ ಜಾಸ್ತಿ. ಟೈಲರಮ್ಮ ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ನಿಮ್ಮ ಆರೋಗ್ಯ ಕೇಳಿದರು, ಅಷ್ಟೇ.

ಇವರು ಚೆನ್ನಾಗಿದ್ದಾರೆ. ಊಟ ಸಮಯಕ್ಕೆ ಆಗುತ್ತಿದೆ.

ಸುಮ್ಮನೆ ಕೇಳುತ್ತಿದ್ದೇನೆ: ನಮ್ಮ ಅಂಗಡಿಗೆ ಯಾವಾಗಲಾದರೂ ತೆರಿಗೆ ಕಚೇರಿಯಿಂದ ಕಾಗದ ಬಂದದ್ದು ಉಂಟಾ?

ಸೊಸೆ

ಜುಲೈ 17

ಸೊಸೆಗೆ,

ನಿನ್ನ ಕಾಗದವನ್ನು ತಿರುಗಿಸಿ ನೋಡಿದೆ, ಹಿಂದುಗಡೆ ಏನಾದರೂ ಬರೆದಿದ್ದೀಯಾ ಅಂತ. ಇರಲಿಲ್ಲ. "ನಿಮ್ಮ ಮಗರಾಯರು" ಹೋಗಿ "ಇವರು" ಆಗಿದ್ದಾರೆ. ದಿನದ ಲೆಕ್ಕವೂ ನಿಂತಿದೆ.

ಏನು ಜಗಳ? ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಿನ್ನ ಗಂಡ ಉಂಡ ಮೇಲೂ ವಾದ ಮಾಡುತ್ತಾನೆ, ಹೆತ್ತವಳಿಗೆ ಗೊತ್ತು. ತಪ್ಪು ಅವನದಾದರೆ ಎರಡು ದಿನ ಅವನ ಹಾಸ್ಯಕ್ಕೆ ನಗಬೇಡ, ತಾನಾಗಿ ದಾರಿಗೆ ಬರುತ್ತಾನೆ. ತಪ್ಪು ನಿನ್ನದಾದರೆ ಬೇಗ ಹೇಳಿಬಿಡು, ಅವನಿಗೆ ಸಿಟ್ಟು ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ.

ತೆರಿಗೆ ಕಚೇರಿಯ ವಿಷಯ ಯಾಕೆ ಬಂತು? ನಿನ್ನ ಮಾವ ತೀರಿಕೊಂಡ ವರ್ಷ ಒಂದು ತಗಡಿನ ಡಬ್ಬಿ ಗುಂಡಿ ಇಟ್ಟುಕೊಂಡು ಈ ಅಂಗಡಿ ಶುರು ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಒಂದು ಚೀಟಿ ಬಂದಿಲ್ಲ. ಹೆಂಗಸು, ಲೆಕ್ಕ ಏನು ಗೊತ್ತು ಅಂದವರ ಮುಂದೆಯೇ ಒಂದು ಪೈಸೆ ಆಚೀಚೆ ಆಗದ ಹಾಗೆ ನಡೆಸಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಅತ್ತೆ

ಜುಲೈ 24

ಅತ್ತೆಗೆ,

ಜಗಳ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತಿದೆ.

ಜುಲೈ ಎಂಟಕ್ಕೆ ತೆರಿಗೆ ಕಚೇರಿಯಿಂದ ನೋಟಿಸು ಬಂತು. ನಿಮ್ಮ ಹೆಸರಿಗೆ. ನಾವು ಮಾರಿದ್ದಕ್ಕೆ ಕಟ್ಟಬೇಕಾದ ತೆರಿಗೆ ಒಂದು, ಆನ್‌ಲೈನ್ ಬಿಲ್ಲುಗಳಲ್ಲಿ ವಸೂಲಿ ಮಾಡಿ ಕಟ್ಟಿದ್ದು ಇನ್ನೊಂದು. ಎಂಟುನೂರ ಎಪ್ಪತ್ತಾರು ರೂಪಾಯಿ ಕಡಿಮೆ. ಮೊತ್ತ ಸಣ್ಣದು, ಆದರೆ ಇನ್ನೂರ ಹನ್ನೆರಡು ಬಿಲ್ಲಿನಲ್ಲಿ ಇನ್ನೂರ ಹನ್ನೆರಡೂ ತಪ್ಪು. ಬೇಕೆಂದೇ ಕಡಿಮೆ ತೋರಿಸಿದ ಹಾಗೆ ಕಾಣುತ್ತದೆ, ಮೂವತ್ತು ದಿನದೊಳಗೆ ಉತ್ತರ ಕೊಡಿ ಅಂತ ಬರೆದಿದ್ದಾರೆ.

ತಪ್ಪು ನನ್ನದು. ಹೇಗೆ ಅಂತ ಹೇಳುತ್ತೇನೆ. ಅಂಗಿಯ ಬಿಳಿ ಗುಂಡಿ ನಲವತ್ತು ಪೈಸೆ. ನೂರಕ್ಕೆ ಹನ್ನೆರಡರಂತೆ ತೆರಿಗೆ ನಾಲ್ಕು ಪೈಸೆ, ಮೇಲೆ ಮುಕ್ಕಾಲಿಗೆ ಚೂರು ಹೆಚ್ಚು. ಆ ಚೂರು ಮುರುಕು, ಗಿರಾಕಿಗೆ ಬಿಡಬೇಕು. ನಾವು ಒಂದೊಂದಾಗಿ ಮಾರುವವರಲ್ಲವಾ, ಅದಕ್ಕೆ ನಾನು ಒಂದೊಂದು ಗುಂಡಿಗೂ ತೆರಿಗೆ ಹಾಕಿಸಿ, ಒಂದೊಂದರಲ್ಲೂ ಮುರುಕು ಬಿಡಿಸಿ, ಆಮೇಲೆ ಗುಂಡಿಗಳ ಸಂಖ್ಯೆಯಿಂದ ಗುಣಿಸುವ ಹಾಗೆ ಮಾಡಿದ್ದೆ. ಸಾವಿರ ಗುಂಡಿಗೆ ನಲವತ್ತೆಂಟು ರೂಪಾಯಿ ತೆರಿಗೆ ಬರಬೇಕು. ನನ್ನ ಕಂಪ್ಯೂಟರ್ ನಲವತ್ತು ತೆಗೆದುಕೊಳ್ಳುತ್ತಿತ್ತು. ಟೈಲರಮ್ಮ ಜೂನ್ ತಿಂಗಳಲ್ಲೇ ಹೇಳಿದ್ದರು: "ಏನಮ್ಮಾ ಮದುಮಗಳೇ, ಮದುವೆ ಖುಷಿಗೆ ಸರ್ಕಾರದ ದುಡ್ಡಲ್ಲೂ ರಿಯಾಯಿತಿನಾ?" ನಾನು ನಕ್ಕೆ. ಒಂದು ನಿಮಿಷ ಕೂತು ಯೋಚಿಸಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು.

ನಿಮಗೆ ಹೇಳದೆ ಮುಗಿಸಿಬಿಡೋಣ ಅಂತ ಇಬ್ಬರೂ ನೋಡಿದೆವು. ಬಾಕಿಗೆ ನನ್ನ ಉಳಿತಾಯದ ಹಣ ತೆಗೆದಿಟ್ಟೆ. ಆದರೆ ಉತ್ತರದ ಕಾಗದಕ್ಕೆ ಅಂಗಡಿಯ ಮಾಲೀಕರ ಸಹಿ ಬೇಕು. ಅದಕ್ಕೆ ನಿಮ್ಮ ಮಗ,

"ಅಮ್ಮನ ಸಹಿ ತಾನೆ, ಕೊಡು ಇಲ್ಲಿ. ಐದನೇ ಕ್ಲಾಸಿನಿಂದ ಹಾಕ್ತಿದೀನಿ. ಮಾರ್ಕ್ಸ್ ಕಾರ್ಡು ಪೂರ್ತಿ ನಂದೇ" ಅಂದರು.

"ಬೇಡಾರೀ" ಅಂದೆ.

"ಅಮ್ಮನ ಮನಸ್ಸು ನೋಯಿಸೋದಕ್ಕಿಂತ ಇದು ವಾಸಿ ಅಲ್ವಾ?"

"ಗೊತ್ತಾದ್ರೆ?"

"ಗೊತ್ತಾಗಲ್ಲ ಕಣೇ."

"ಅದೇ ಭಯ ನಂಗೆ. ಗೊತ್ತಾಗದೇ ಹೋದ್ರೆ ಅವರ ಮುಂದೆ ನಾನು ಜೀವಮಾನ ಪೂರ್ತಿ ಹೇಗೆ ಓಡಾಡ್ಲಿ?"

ಅವರು ಪೆನ್ನು ಕೆಳಗಿಟ್ಟರು. ಆಮೇಲೆ ನಿಮ್ಮ ಕಾಗದ ಬಂತು, ಆ ಅಡಿಕೆಯ ಮಾತು ಓದಿದೆ. ನನ್ನಿಂದ ಹೋದದ್ದು ನಿಮ್ಮ ಮಾನ. ಅದನ್ನು ಹೇಗೆ ತಂದುಕೊಡುವುದು ನನಗೆ ಗೊತ್ತಿಲ್ಲ.

ಉತ್ತರದ ಕಾಗದ ಇದರೊಳಗೆ ಇಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೇ ಬರೆದಿದ್ದೇನೆ. ಒಪ್ಪಿಗೆಯಾದರೆ ಸಹಿ ಮಾಡಿ. ಆಗಸ್ಟ್ ಏಳು ಕೊನೆಯ ದಿನ. ಆನ್‌ಲೈನ್ ಅಂಗಡಿ ಮುಚ್ಚು ಅಂದರೆ ಮುಚ್ಚುತ್ತೇನೆ. ಕೌಂಟರಿಗೆ ಬರಬೇಡ ಅಂದರೆ ಬರುವುದಿಲ್ಲ.

ಸೊಸೆ

ಜುಲೈ 24

ಸೊಸೆಗೆ,

ನಿನ್ನಿಂದ ಉತ್ತರ ಬರುವ ಮೊದಲೇ ಬರೆಯುತ್ತಿದ್ದೇನೆ. ನೀನು ಬಾಯಿಗೆ ಬೀಗ ಹಾಕಿಕೊಂಡದ್ದು ಗಂಡನ ಜಗಳಕ್ಕಲ್ಲ, ನನ್ನ ವಿಷಯ ಗೊತ್ತಾಗಿ ಹೇಳಲಾರದೆ ಅನ್ನುವುದು ಈಗ ಹೊಳೆಯಿತು. ಅದಕ್ಕೆ ನಾನೇ ಹೇಳುತ್ತೇನೆ.

ನನ್ನ ಮಂಡಿಗೆ ಏನೂ ಆಗಿಲ್ಲ. ನಾನು ಇಲ್ಲಿಗೆ ಬಂದದ್ದು ಕಣ್ಣಿನ ಡಾಕ್ಟರಿಗೆ ತೋರಿಸಲು. ಕಳೆದ ವರ್ಷದಿಂದ ಕಡುನೀಲಿಯೂ ಕಪ್ಪೂ ನನಗೆ ಒಂದೇ. ಕಂದು ಬಣ್ಣವೂ ಕಡುಹಸಿರೂ ಸಂಜೆಯಾದರೆ ಒಂದೇ. ಒಮ್ಮೆ ಒಬ್ಬ ಗಿರಾಕಿ ನಕ್ಕು ಹಿಂದಕ್ಕೆ ಕೊಟ್ಟ, ನಾನೂ ನಕ್ಕೆ. ಆಮೇಲೆ ಡ್ರಾಯರು ಎಣಿಸಿ ತೆಗೆಯಲು ಶುರು ಮಾಡಿದೆ, ಮೇಲಿಂದ ಹನ್ನೆರಡು, ಎಡದಿಂದ ಏಳು. ಯಾರಿಗೂ ಗೊತ್ತಾಗಲಿಲ್ಲ. ಮೇ ತಿಂಗಳಲ್ಲಿ ಎಣಿಕೆ ತಪ್ಪಿತು.

ಆ ಎರಡು ಪಾರ್ಸೆಲ್ ಕಟ್ಟಿದ್ದು ನಾನು. ನೀನು "ನಾನೇ ಕೈತಪ್ಪಿ ಹಾಕಿರಬೇಕು" ಅಂತ ಬರೆದಾಗ ನನಗೆ ಗೊತ್ತಿತ್ತು. "ಯಾರ ಕೈಯಿಂದಲೂ ಆಗುತ್ತದೆ" ಅಂತ ಬರೆದು, ನಿನ್ನ ತಲೆಯ ಮೇಲೇ ಇರಲಿ ಅಂತ ಬಿಟ್ಟೆ. ಮೂವತ್ತೊಂದು ವರ್ಷದ ಅಂಗಡಿಯವಳು ಎರಡು ತಿಂಗಳ ಸೊಸೆಗೆ ಮಾಡುವ ಕೆಲಸವಲ್ಲ ಅದು.

ಇನ್ನು ಕಣ್ಣು ಇಷ್ಟೇ ಅಂದಿದ್ದಾರೆ ಡಾಕ್ಟರು. ಓದಬಹುದು, ಬರೆಯಬಹುದು. ಬಣ್ಣ ಮಾತ್ರ ಇಲ್ಲ.

ನಿನ್ನ ಮುಲಾಮನ್ನು ತಂಗಿಯ ಸೊಂಟಕ್ಕೆ ಹಚ್ಚುತ್ತಿದ್ದೇವೆ. ಗುಣ ಕಂಡಿದೆ.

ಅತ್ತೆ

ಜುಲೈ 29

ಸೊಸೆಗೆ,

ನಮ್ಮ ಕಾಗದಗಳು ದಾರಿಯಲ್ಲಿ ಎದುರಾಗಿ ಒಂದನ್ನೊಂದು ನೋಡದೆ ಹೋಗಿರಬೇಕು.

ನಿನ್ನದನ್ನು ಓದಿ ಮೊದಲು ಸಿಟ್ಟು ಬಂತು. ಸುಳ್ಳು ಹೇಳುವುದಿಲ್ಲ. ಕನ್ನಡಕ ತೆಗೆದಿಟ್ಟು ಹೊರಗೆ ಹೋಗಿ ತಂಗಿಯ ಗಿಡಗಳಿಗೆ ನೀರು ಹಾಕಿದೆ. ಅವಳು ಆಗಲೇ ಒಮ್ಮೆ ಹಾಕಿದ್ದಳಂತೆ. ನೋಟಿಸಿಗಲ್ಲ ಸಿಟ್ಟು. ಹದಿನಾರು ದಿನ ಇಬ್ಬರೂ ಸೇರಿ ನನ್ನಿಂದ ಮುಚ್ಚಿಟ್ಟಿರಲ್ಲ, ಅದಕ್ಕೆ. ಆಮೇಲೆ ನಾನು ಎಷ್ಟು ದಿನ ಮುಚ್ಚಿಟ್ಟಿದ್ದೆ ಅಂತ ಎಣಿಸಿದೆ. ಒಳಗೆ ಬಂದು ಕನ್ನಡಕ ಹಾಕಿಕೊಂಡೆ.

ಮುರುಕು ಬಿಡುವುದು ಬಿಲ್ಲಿನ ಕೊನೆಯ ಸಾಲಿನಲ್ಲಿ, ಒಂದೇ ಸಲ. ಎಲ್ಲ ಗುಂಡಿ ಕೂಡಿಸಿ, ಅದರ ಮೇಲೆ ತೆರಿಗೆ ಹಾಕಿ, ಆಮೇಲೆ. ಹಾಗೆ ಬಿಟ್ಟದ್ದನ್ನೂ ತಿಂಗಳ ಕೊನೆಗೆ ನಮ್ಮ ಗಲ್ಲಾದಿಂದ ತೆಗೆದು ಸರ್ಕಾರಕ್ಕೆ ಪೂರ್ತಿ ಕಟ್ಟುತ್ತಿದ್ದೆ. ಬಿಟ್ಟುಕೊಟ್ಟದ್ದು ನಮ್ಮದು, ಸರ್ಕಾರದ್ದಲ್ಲ. ಇದನ್ನು ನಿನಗೆ ಹೇಳಿಯೇ ಇರಲಿಲ್ಲ. ಯಾರಿಗೂ ಹೇಳಿಲ್ಲ. ಕೈ ಮಾಡಿ ಮಾಡಿ ರೂಢಿಯಾದದ್ದನ್ನು ಬಾಯಿ ಮರೆತುಬಿಡುತ್ತದೆ. ನೀನು ಕೇಳಿದ್ದು ಅರ್ಧ ನಿಯಮ, ಅದನ್ನು ಪೂರ್ತಿ ಪಾಲಿಸಿದೆ. ಹನಿಗೂಡಿ ಹಳ್ಳವಾಯಿತು.

ಸಹಿ ಮಾಡಿದ್ದೇನೆ. ನೀನು ಬರೆದದ್ದರ ಕೆಳಗೆ ಈ ನಿಯಮವನ್ನೂ ನನ್ನ ಕೈಯಲ್ಲಿ ಬರೆದು, ಹೇಳಿಕೊಡುವಾಗ ಅರ್ಧ ಬಿಟ್ಟವಳು ನಾನು ಅಂತ ಸೇರಿಸಿದ್ದೇನೆ. ಬಾಕಿ ಹಣವನ್ನು ಗಲ್ಲಾದಿಂದ ಕಟ್ಟು. ನಿನ್ನ ಉಳಿತಾಯ ಒಳಗಿಡು.

ಅವನಿಗೆ ಹೇಳು, ಐದನೇ ಕ್ಲಾಸಿನ ಆ ಸಹಿ ನನಗೆ ಅವತ್ತೇ ಗೊತ್ತಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು.

ಅತ್ತೆ

ಆಗಸ್ಟ್ 6

ಪ್ರೀತಿಯ ಅತ್ತೆಗೆ,

ನಿನ್ನೆ ಕಚೇರಿಗೆ ಹೋಗಿ ಬಂದೆ. ಇವರು ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರು, ಒಳಗೆ ನಾನೊಬ್ಬಳೇ. ಮೇಜಿನ ಹಿಂದೆ ಒಬ್ಬ ಮೇಡಂ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುತ್ತಿದ್ದರು. ನಾನು ತೋರಿಸಿದೆ. ಅದರಿಂದ ಒಳ್ಳೆಯದಾಯಿತು ಅಂತ ಕಾಣುತ್ತದೆ.

ನಮ್ಮ ಉತ್ತರ ಓದಿ, "ಗುಂಡಿಗೊಂದು ತೆರಿಗೆನಾ? ಒಂದೊಂದು ಗುಂಡಿಗಾ?" ಅಂದರು.

"ಹೌದು ಮೇಡಂ. ನಾವು ಒಂದೊಂದಾಗೇ ಮಾರೋದು."

"ಯಾರಮ್ಮಾ ನಿಂಗೆ ಹೀಗೆ ಹೇಳ್ಕೊಟ್ಟಿದ್ದು?"

"ಹೇಳ್ಕೊಟ್ಟಿದ್ದು ಸರಿಯಾಗೇ ಇತ್ತು ಮೇಡಂ. ಪೂರ್ತಿ ಕೇಳ್ಕೊಳ್ಳದೆ ಓಡಿದ್ದು ನಾನು."

"ಇಲ್ಲಿ ನಿಮ್ಮತ್ತೆ ತಪ್ಪು ತನ್ನದೇ ಅಂತ ಬರ್ದಿದಾರೆ. ಮೇಲೆ ನೀನು ನಿಂದೇ ಅಂತ ಬರ್ದಿದೀಯ. ಈ ಕುರ್ಚಿಲಿ ಕೂತು ಹತ್ತೊಂಬತ್ತು ವರ್ಷ ಆಯ್ತು, ತಪ್ಪಿಗೋಸ್ಕರ ಕಿತ್ತಾಡೋರನ್ನ ಇವತ್ತೇ ನೋಡಿದ್ದು."

ಆಮೇಲೆ ಅಂಗಡಿಯ ನೋಟಿಸುಗಳ ಹಳೆಯ ಫೈಲು ತರಿಸಿದರು. ರಟ್ಟು ಬಿಟ್ಟರೆ ಒಳಗೆ ಏನೂ ಇಲ್ಲ. ಅದನ್ನು ಅಲ್ಲಾಡಿಸಿ ನೋಡಿದರು, ಕಾಗದ ಎಲ್ಲಾದರೂ ಸಿಕ್ಕಿಕೊಂಡಿದೆಯೇನೋ ಅಂತ. ನನಗೆ ಅಲ್ಲೇ ಅಳು ಬಂತು ಅತ್ತೆ. ಆ ಖಾಲಿ ಫೈಲಿನ ಮೊದಲ ಹಾಳೆಯಾಗಿ ನನ್ನ ಕಾಗದವನ್ನು ದಾರ ಹಾಕಿ ಕಟ್ಟಿದರು. ಬಾಕಿ ಎಂಟುನೂರ ಎಪ್ಪತ್ತಾರು, ದಂಡ ಇನ್ನೂರು, ಕಟ್ಟಿ ರಸೀದಿ ತಂದೆ. ಬೇಕೆಂದು ಮಾಡಿದ್ದಲ್ಲ ಅಂತ ಬರೆದು ಮುಗಿಸಿದರು.

ಕಂಪ್ಯೂಟರಿಗೆ ನಿಮ್ಮ ನಿಯಮವನ್ನು ಪೂರ್ತಿಯಾಗಿ ಕಲಿಸಿದ್ದೇನೆ. ಟೈಲರಮ್ಮನ ಸಾವಿರ ಗುಂಡಿಯ ಬಿಲ್ಲನ್ನು ಮೂರು ಸಲ ಕೈಯಲ್ಲಿ ಲೆಕ್ಕ ಹಾಕಿ ಹೋಲಿಸಿದೆ. ನಲವತ್ತೆಂಟು. ಅವರಿಗೆ ಫೋನ್ ಮಾಡಿ ಹೇಳಿದ್ದಕ್ಕೆ, "ಹಂಗಾದ್ರೆ ಹನಿಮೂನ್ ಮುಗೀತು ಅನ್ನು" ಅಂದರು.

ನಿಮ್ಮ ಕಣ್ಣಿನ ವಿಷಯ. ಸಮಾಧಾನದ ಮಾತು ಬರೆಯಹೊರಟು ಮೂರು ಹಾಳೆ ಹರಿದೆ. ಹೀಗೆ ಮಾಡೋಣ, ಹಾಗೆ ಮಾಡೋಣ ಅಂತ ಏನೇನೋ ಉಪಾಯ ಬರೆದಿದ್ದೆ. ಈ ಸಲ ಪೂರ್ತಿ ಕೇಳಿಸಿಕೊಳ್ಳದೆ ಓಡುವುದಿಲ್ಲ. ಏನು ಮಾಡಬೇಕು ಅನ್ನುವುದನ್ನು ನೀವು ಹೇಳಿ. ಆ ಪಾರ್ಸೆಲ್ಲುಗಳ ಬಗ್ಗೆ ನನಗೆ ಬೇಜಾರಿಲ್ಲ. ಒಂದೇ ಒಂದು ಬೇಜಾರು, ಒಂದು ವರ್ಷ ನೀವು ಒಬ್ಬರೇ ಡ್ರಾಯರು ಎಣಿಸಿದ್ದು.

ಮೇಡಂ ಒಂದು ಫಾರಂ ಕೊಟ್ಟಿದ್ದಾರೆ. ಅಂಗಡಿಯ ತೆರಿಗೆ ಲೆಕ್ಕಕ್ಕೆ ಇನ್ನು ಮುಂದೆ ಉತ್ತರ ಹೇಳಬೇಕಾದವರ ಹೆಸರು ಅಂತ ಅದರಲ್ಲಿ ಒಂದು ಜಾಗವಿದೆ. "ಅತ್ತೆದೋ ನಿಂದೋ, ಒಂದು ಬರ್ಕೊಡಮ್ಮ" ಅಂದರು. ನಾನು ಖಾಲಿ ಬಿಟ್ಟು ತಂದು ಇದರೊಳಗೆ ಇಟ್ಟಿದ್ದೇನೆ. ಅದು ನೀವು ಬರೆಯಬೇಕಾದದ್ದು. ಯಾವ ಹೆಸರು ಬರೆದರೂ ನನಗೆ ಸಮಾಧಾನವೇ.

ನಿಮ್ಮ ಸೊಸೆ

ಆಗಸ್ಟ್ 12

ಸೊಸೆಗೆ,

ಇಪ್ಪತ್ತನೇ ತಾರೀಕು ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಅವನನ್ನು ನಿಲ್ದಾಣಕ್ಕೆ ಕಳಿಸು, ಚೀಲ ಭಾರ ಇದೆ.

ಕೌಂಟರಿನಲ್ಲಿ ಕೂರುತ್ತೇನೆ. ಗಿರಾಕಿಗಳ ಜೊತೆ ಮಾತಾಡುತ್ತೇನೆ. ಡ್ರಾಯರು ಮುಟ್ಟುವುದಿಲ್ಲ. ಈ ಮಾತು ಬರೆಯಲು ಎರಡು ದಿನ ಹಿಡಿಯಿತು, ಆದ್ದರಿಂದ ಬಂದಮೇಲೆ ಇದರ ಬಗ್ಗೆ ಯಾರೂ ಏನೂ ಕೇಳಬಾರದು.

ಫೈಲಿನ ಮೊದಲ ಹಾಳೆ ನಿನ್ನದಾಯಿತು ಅಂತ ಅಳಬೇಡ. ಆ ಖಾಲಿ ಫೈಲಿನ ಹೆಮ್ಮೆಗೇ ನಾನು ಒಂದು ವರ್ಷ ಕಣ್ಣಿನ ವಿಷಯ ಮುಚ್ಚಿಟ್ಟದ್ದು.

ಫಾರಂನಲ್ಲಿ ನಿನ್ನ ಹೆಸರು ಬರೆದಿದ್ದೇನೆ. ಯೋಚಿಸಿಯೇ ಬರೆದಿದ್ದೇನೆ. ಆದರೆ ಕಪ್ಪು ಮಸಿಯಲ್ಲೇ ತುಂಬಬೇಕು ಅಂತ ಅದರ ತಲೆಯಲ್ಲಿ ಅಚ್ಚು ಹಾಕಿದ್ದಾರೆ. ಇಲ್ಲಿ ಮೇಜಿನ ಮೇಲೆ ಎರಡು ಪೆನ್ನು ಇದ್ದವು. ತಂಗಿ ಪೇಟೆಗೆ ಹೋಗಿದ್ದಾಳೆ, ಕೇಳಲು ಯಾರೂ ಇಲ್ಲ. ಅಂಚೆಯವನು ಈಗ ಬರುತ್ತಾನೆ. ಕಪ್ಪು ಅಂತ ನನಗನ್ನಿಸಿದ್ದರಲ್ಲಿ ಬರೆದಿದ್ದೇನೆ.

ನೀಲಿಯಾಗಿದ್ದರೆ, ಅತ್ತೆಗೆ ಬೇಜಾರಾಗುತ್ತದೆ ಅಂತ ಮುಚ್ಚಿಡಬೇಡ. ಇನ್ನೊಂದು ಫಾರಂ ತಂದಿಟ್ಟಿರು. ಬಂದು, ನೀನು ಕೊಟ್ಟ ಪೆನ್ನಿನಲ್ಲಿ ನಿನ್ನ ಹೆಸರನ್ನು ಮತ್ತೆ ಬರೆಯುತ್ತೇನೆ.

ಅತ್ತೆ